ಗುಂಯ್‌ಗುಡುವ ಗೋಡೆ

ಬಾಗಿಲು ತೆರೆದದ್ದೇ ತಡ, ಬಿಸಿಗಾಳಿ ಪರಿಮಳಾಳ ಮುಖಕ್ಕೆ ರಪ್ಪೆಂದು ಬಡಿಯಿತು!

ಸುರಪುರದ ಓಣಿಗಳಿಗೆ ಚಳಿ ಆಗತಾನೇ ಇಳಿದಿತ್ತು. ಆದರೆ ಆ ಬಾಗಿಲೊಳಗಿಂದ ಬಂದದ್ದು ಇಟ್ಟಿಗೆ ಭಟ್ಟಿಯಂಥ ಉಸಿರು. ಒಳಗೆ ಕತ್ತಲು. ಆ ಕತ್ತಲಲ್ಲಿ ಹಸಿರು, ನೀಲಿ ಚುಕ್ಕಿಗಳು ಕಣ್ಣಿನ ಹಾಗೆ ಮಿಟುಕುತ್ತಿದ್ದವು. ಜೇನುಹುಳುಗಳನ್ನೆಲ್ಲ ಒಂದೇ ಗಡಿಗೆಯಲ್ಲಿ ತುಂಬಿ ಬಾಯಿ ಕಟ್ಟಿದಂತೆ ಗುಂಯ್... ಎನ್ನುವ ಸದ್ದು.

ಹೊಸ್ತಿಲಲ್ಲಿ ನಿಂತವನ ಕಣ್ಣು ಕೆಂಪಗಿದ್ದವು. ಅಂಗಿ ಬೆವರಿಗೆ ಮೈಗಂಟಿತ್ತು. ಕಿವಿಯಲ್ಲಿ ಅರಳೆ.

"ಏನ್ ನಡಿಸೀರಿ ಒಳಗ?" ಎಂದಳು ಪರಿಮಳಾ.

"ಆಂ?"

"ಏನ್ ನಡಿಸೀರಿ ಅಂದೆ!"

"ಜರಾ ಜೋರ್ ಹೇಳ್ರಿ!"

ಅವಳಿಗೆ ಸಿಟ್ಟು ನೆತ್ತಿಗೇರಿತು. ಕೈಚಾಚಿ ಅವನ ಕಿವಿಯ ಅರಳೆಯನ್ನು ತಾನೇ ಕಿತ್ತುಬಿಟ್ಟಳು!

ಒಂದು ಗಳಿಗೆ ಇಬ್ಬರೂ ಬೆಚ್ಚಿ ನಿಂತರು. ಬೆರಳಿಗೆ ತಾಗಿದ ಅವನ ಕಿವಿ ಕೆಂಡದಂತೆ ಬಿಸಿಯಾಗಿತ್ತು.

"ನಾ ಬಾಜೂ ಮನಿಯವಳು," ಅವಳ ಧ್ವನಿ ತಾನಾಗಿಯೇ ಇಳಿಯಿತು. "ನಮ್ಮ ಆಯಿ ಮಲಗೋ ಕೋಲಿ ಗ್ವಾಡಿ ಬಿಸಿ ಹತ್ತಾಕತ್ತದ. ಹಗಲು ರಾತ್ರಿ ಗುಂಯ್ ಅಂತದ. ಏನದು?"

"ಮಶೀನ್ ರೀ. ಬಿಟ್‌ಕಾಯಿನ್ ಮಶೀನ್." ಅವನು ತಪ್ಪಿತಸ್ಥನಂತೆ ತಲೆ ತಗ್ಗಿಸಿದ. "ಕಂಪ್ಯೂಟರ್ ಇದ್ದಂಗ. ಒಂದ ಸವನ ಲೆಕ್ಕ ಹಾಕ್ತಾವ, ಆ ಲೆಕ್ಕಕ್ಕ ರೊಕ್ಕ ಬರ್ತದ. ಹಾಕಿ ಹಾಕಿ ಕಾಯ್ತಾವ. ಅವು ಕಾಯ್ದದ್ದಕ್ಕ ಫ್ಯಾನ್ ಒದರ್ತಾವ. ಮೊದಲ ಊರಾಗ ಅಪ್ಪನ ಕುರಿಹಟ್ಟ್ಯಾಗ ಇಟ್ಟಿದ್ದೆ. ಕುರಿ ಬೆದರಿದ್ವು. ಅಪ್ಪ ಹೊರಗ ಹಾಕಿದ."

ಅವನ ಹೆಸರು ಬಸವಂತ. ಯಾದಗಿರಿ ಕಡೆಯ ರಾಮಸಮುದ್ರದವನು. ವರ್ಷಗಟ್ಟಲೆ ಬೀಗ ಜಡಿದಿದ್ದ ಆ ಹಳೆಯ ಕಲ್ಲುಮನೆ ಅಗ್ಗದ ಬಾಡಿಗೆಗೆ ಸಿಕ್ಕಿತೆಂದು ದೀಪಾವಳಿ ಮುಗಿದ ಮೇಲೆ ಬಂದಿದ್ದ. ಹೊರಗೆ ಬರುತ್ತಿದ್ದುದೇ ಅಪರೂಪ. ಒಳಗೊಬ್ಬ ಮನುಷ್ಯನಿದ್ದಾನೆಂದು ಓಣಿಗೂ ಸರಿಯಾಗಿ ಗೊತ್ತಿರಲಿಲ್ಲ.

"ಸದ್ದು ಕಡಿಮಿ ಮಾಡ್ತೀನ್ರಿ ಟೀಚರ್. ಖರೆ."

'ನಾನು ಟೀಚರ್ ಅಂತ ಇವನಿಗೆ ಹ್ಯಾಂಗ ಗೊತ್ತು?' ಎಂದುಕೊಳ್ಳುತ್ತ ಪರಿಮಳಾ ಮನೆಗೆ ಬಂದಳು. ಎದೆ ಯಾಕೋ ಸುಮ್ಮನಿರಲಿಲ್ಲ.

ನಿಜವಾದ ಭಯವನ್ನು ಅವಳು ಅವನಿಗೆ ಹೇಳಿರಲೇ ಇಲ್ಲ.

ಪರಿಮಳಾಳ ಅವ್ವ ಚಂದಮ್ಮ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ಅಂದಿನಿಂದ ಅವಳ ಆಯಿ, ಚಂದಮ್ಮನನ್ನು ಹೆತ್ತ ದೇವಕಮ್ಮ, ಮಾತು ಬಿಟ್ಟಿದ್ದಳು. ಮುಂದಿಟ್ಟ ರೊಟ್ಟಿ ಒಣಗುತ್ತಿತ್ತು. ಆದರೆ ಗೋಡೆ ಬಿಸಿಯಾಗತೊಡಗಿದ ದಿನದಿಂದ ಮುದುಕಿ ಬದಲಾದಳು. ಗೋಡೆಗೆ ಒರಗಿ ಕೂತು, ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಳ್ಳುವಳು. ತುಟಿಯಂಚಿನಲ್ಲಿ ನಗು!

"ಗ್ವಾಡಿಗೆ ಜೀವ ಬಂದದ ನೋಡು," ಎಂದಿದ್ದಳು ಒಮ್ಮೆ. ಇನ್ನೊಮ್ಮೆ, "ಚಂದಮ್ಮ ಹಾಡಾಕತ್ತಾಳ... ಕೇಳಸ್ತದೇನು?"

ಪರಿಮಳಾಳ ಮೈ ಜುಮ್ಮೆಂದಿತ್ತು.

ಆ ಮನೆಯಲ್ಲಿ ದೆವ್ವದ ಮಾತೇ ಇರಲಿಲ್ಲ. ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪರಿಮಳಾ ದೆವ್ವ ಭೂತ ಎಲ್ಲ ಸುಳ್ಳೆಂದು ಮಕ್ಕಳಿಗೆ ಗದರಿ ಹೇಳುವವಳು. ಆದರೂ ಓಣಿಯ ಬೆಕ್ಕುಗಳೆಲ್ಲ ಆ ಗೋಡೆಯ ಬುಡಕ್ಕೆ ಬಂದು ಮಲಗುವುದನ್ನೂ, ಸೂರಿನ ಗುಬ್ಬಿಗಳು ಗೂಡು ಬಿಟ್ಟು ಹೋದದ್ದನ್ನೂ ನೋಡಿದ ಮೇಲೆ ಅವಳು ಹೊತ್ತು ಮುಳುಗುವ ಮೊದಲೇ ಬಾಗಿಲ ಚಿಲಕ ಹಾಕುತ್ತಿದ್ದಳು.

"ಆ ಮನಿ ಮುಂದ ಹಾದ್ರ ಕಾಲಾಗಿಂದ ಝುಂ ಅಂತದವ್ವಾ," ಎದುರುಮನೆಯ ಆಸ್ಮಾ ಪಿಸುಗುಟ್ಟಿದ್ದಳು. "ಬೀಗ ಹಾಕಿದ್ದಾಗನೂ ಅಲ್ಲಿ ಯಾರೋ ಇದ್ದರಂತ ನಮ್ಮತ್ತಿ ಹೇಳ್ತಿದ್ಳು."

ಬಸವಂತ ಮಾತಿಗೆ ತಪ್ಪಲಿಲ್ಲ.

ಮರುವಾರವೇ ಮಶೀನುಗಳನ್ನಿಟ್ಟಿದ್ದ ಕಬ್ಬಿಣದ ರ‍್ಯಾಕಿನ ಕಾಲಿಗೆ ಹಳೇ ಟಯರಿನ ತುಂಡು ಕೊಟ್ಟ. ನಡುಕ ನೆಲಕ್ಕಿಳಿಯುವುದು ನಿಂತಿತು. ಆಮೇಲೆ ಮಶೀನುಗಳ ಸುತ್ತ ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿದ. ಒಳಮೈಗೆ ಏನು ಬಡಿಯುತ್ತಿದ್ದಾನೆಂದು ಇಣುಕಿದರೆ ಕರಿ ಕಂಬಳಿ!

"ಅಪ್ಪನ ಕುರಿ ಉಣ್ಣೆ ರೀ," ಎಂದು ನಕ್ಕ. "ಸದ್ದು ಕುಡೀತದ. ಮತ್ತ ಉಣ್ಣೆಗೆ ಲಗೂನ ಬೆಂಕಿ ಹತ್ತಂಗಿಲ್ಲ."

"ಎಲ್ಲಾ ಮುಚ್ಚಿದ್ರ ಒಳಗ ಕುದ್ದು ಹೋಗ್ತಾವಲ್ರಿ?"

"ಅದಕ್ಕ ಕೆಳಗಿಂದ ತಣ್ಣನ್ ಗಾಳಿ ಬರಾಕ ಕಿಂಡಿ. ಬಿಸಿ ಗಾಳಿ ಹೋಗಾಕ ಮ್ಯಾಲ ತಗಡಿನ ಕೊಳವಿ. ಬೆಳಕಿಂಡ್ಯಾಗ ಹಾಯಿಸಿ ಮಾಳಿಗಿಗೆ ಬಿಡ್ತೀನಿ. ಜರಾ ಹಿಡೀತೀರೇನು?"

ಹಿಡಿದಳು. ಕೊಳವೆಯ ಆ ತುದಿಗೆ ಅವನು, ಈ ತುದಿಗೆ ಅವಳು. ಮಸಿ ಮೆತ್ತಿದ ಅವಳ ಮೂಗು ನೋಡಿ ಅವನು ನಕ್ಕ. ಅವಳೂ ನಕ್ಕಳು. ಅವ್ವ ಹೋದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು!

ಎರಡೂ ಮನೆಗಳ ಮಾಳಿಗೆ ಕೂಡಿಕೊಂಡಿತ್ತು. ಮುಂದೆ ಮಾಳಿಗೆಯ ಮೇಲಿನ ಆ ಕೊಳವೆಯ ಬಾಯಿ ಇಬ್ಬರಿಗೂ ನೆಪವಾಯಿತು. ಶಾಲೆಯಿಂದ ಬಂದವಳು ಅದರ ಬಿಸಿಗೆ ಶಂಡಿಗೆ ಒಣಹಾಕುವಳು. ಅವನು ಗಾಳಿ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಹತ್ತುವನು. ಗಾಳಿ ದಿನಾ ಸರಿಯಾಗಿಯೇ ಬರುತ್ತಿತ್ತು. ಆದರೂ ಹತ್ತುವನು...

ಸದ್ದು ಅಡಗಿತು. ಗೋಡೆಯಲ್ಲಿ ನಸುಬಿಸಿ ಮಾತ್ರ ಉಳಿಯಿತು.

ಸದ್ದು ಅಡಗಿದ್ದೇ ಕೇಡಾಯಿತು. ಅದರ ಮರೆಯಲ್ಲಿದ್ದದ್ದೆಲ್ಲ ಈಗ ಕೇಳಿಸತೊಡಗಿತು!

ಒಂದು ಸಂಜೆ ಪರಿಮಳಾ ಚಹಾ ಹಿಡಿದು ಆಯಿಯ ಕೋಣೆಗೆ ಬಂದಳು. ಆಯಿ ಗೋಡೆಗೆ ಬಾಯಿಟ್ಟು ಕೇಳುತ್ತಿದ್ದಳು.

"ಊಟ ಆತೇನು?"

ಗೋಡೆ ಉತ್ತರ ಕೊಟ್ಟಿತು. ಕಲ್ಲು ದಾಟಿ ಬಂದ, ಗಂಡೋ ಹೆಣ್ಣೋ ತಿಳಿಯದ ಪಿಸುದನಿ.

"ಆತು..."

ಪರಿಮಳಾಳ ಕತ್ತಿನ ಹಿಂದಿನ ಕೂದಲು ನೆಟ್ಟಗಾದವು.

"ಏನ ಉಂಡಿ?"

"ರೊಟ್ಟಿ... ಪುಂಡಿಪಲ್ಯ..."

ಅವ್ವನಿಗೆ ಜೀವಕ್ಕಿಂತ ಇಷ್ಟವಾಗಿದ್ದ ಪುಂಡಿಪಲ್ಯ! ಲೋಟ ಜಾರಿ ಬಿತ್ತು. ಬಿಸಿ ಚಹಾ ಪಾದ ಸುಟ್ಟರೂ ಅವಳಿಗೆ ತಿಳಿಯಲಿಲ್ಲ. 'ಅವ್ವಾ... ನೀನೇ ಏನು?'

ಆಗ ಗೋಡೆಯಾಚೆ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು. ಅವಳಿಗೆ ಚೆನ್ನಾಗಿ ಗೊತ್ತಿದ್ದ ಕೆಮ್ಮು.

ಭಯವೆಲ್ಲ ಒಮ್ಮೆಗೇ ಬೆಂಕಿಯಾಯಿತು. ಬರಿಗಾಲಲ್ಲೇ ಓಡಿ ಅವನ ಬಾಗಿಲಿಗೆ ಗುದ್ದಿದಳು.

"ಸತ್ತೋರ ಹೆಸರಿನ್ಯಾಗ ಆಟ ಆಡ್ತೀರೇನು? ನಮ್ಮವ್ವ ಮಾತಾಡಿದಂಗ ಮಾತಾಡ್ತೀರಿ! ಹುಚ್ಚಾದ ಮುದುಕೀನ ಇನ್ನಷ್ಟು ಹುಚ್ಚು ಮಾಡಾಕತ್ತೀರಿ!"

"ಟೀಚರ್, ನಾನು... ಅವ್ರು ನನ್ನನ್ನ..."

"ಒಂದ್ ಮಾತು ಆಡಬ್ಯಾಡ್ರಿ! ನಿಮ್ಮನ್ನ ನಂಬಿದ್ನಲ್ಲ..." ಅವಳು ಒಳಗಿನ ಪೆಟ್ಟಿಗೆಯತ್ತ ಕೈ ತೋರಿದಳು. "ಇಲ್ಲಿಂದ ಹೋಗ್ರಿ. ನಿಮ್ಮ ಮಶೀನ್ ತಗೊಂಡು ಹೋಗ್ಬಿಡ್ರಿ!"

ಅವನು ಕಣ್ಣು ತಗ್ಗಿಸಿದ. ಅವಳ ಸುಟ್ಟ ಪಾದ ಕಂಡಿತು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟು, ಬಾಗಿಲು ಹಾಕಿಕೊಂಡ.

ಮರುದಿನ ಅವಳು ಶಾಲೆಯಿಂದ ಬರುವಷ್ಟರಲ್ಲಿ ಟೆಂಪೊ ಬಂದು ಹೋಗಿತ್ತು. ಬಾಗಿಲಿಗೆ ಬೀಗ.

ಗೋಡೆ ತಣ್ಣಗಾಯಿತು.

ಬೆಕ್ಕುಗಳು ಚದುರಿದವು. ದೇವಕಮ್ಮ ಮತ್ತೆ ಮಾತು ಬಿಟ್ಟಳು, ಊಟವನ್ನೂ ಬಿಟ್ಟಳು. ಮುದುಕಿಯ ಒಣ ಕೈ ಮಾತ್ರ ಗೋಡೆಯನ್ನು ತಡವುತ್ತಿತ್ತು. ಪರಿಮಳಾ ಮಾಳಿಗೆ ಹತ್ತುವುದನ್ನೇ ನಿಲ್ಲಿಸಿದಳು. 'ಹೋಗು ಅಂದೆ... ಹೋಗೇಬಿಟ್ನಲ್ಲ!'

ರಜೆಯ ಒಂದು ಮಧ್ಯಾಹ್ನ. ಓಣಿಯಲ್ಲಿ ನರಪಿಳ್ಳೆಯಿಲ್ಲ. ಅಡುಗೆಮನೆಯಲ್ಲಿದ್ದ ಪರಿಮಳಾಳಿಗೆ ಆಯಿಯ ಧ್ವನಿ ಕೇಳಿಸಿತು.

"ಹಾಡಾಕತ್ತಾಳ..."

ಬಂದು ನೋಡಿದರೆ ಮುದುಕಿಯ ಮುಖದಲ್ಲಿ ಮತ್ತೆ ಅದೇ ನಗು. ಪರಿಮಳಾ ಉಸಿರು ಬಿಗಿಹಿಡಿದು ಗೋಡೆಗೆ ಕಿವಿಯಿಟ್ಟಳು.

ಮ್... ಮ್ ಮ್... ಮ್...

ಪದಗಳಿಲ್ಲ. ಬಾಯಿ ಮುಚ್ಚಿ ಗುನುಗುವ ಹೆಣ್ಣಿನ ಧ್ವನಿ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೂಗುವವರ ಲಯ.

ಬಸವಂತ ವಾಪಸು ಬಂದನೆ? ಯಾರನ್ನಾದರೂ ಕರೆತಂದನೆ? ಅವಳು ಓಡಿದಳು.

ಬಾಗಿಲ ಬೀಗ ಹಾಗೇ ಇತ್ತು. ಬೀಗದಿಂದ ಚಿಲಕಕ್ಕೆ ಜೇಡ ಬಲೆ ಕಟ್ಟಿತ್ತು. ಒಂದೆಳೆಯೂ ಹರಿದಿರಲಿಲ್ಲ.

ಅವಳ ಕಾಲು ಅಲ್ಲಿ ನಿಲ್ಲಲಿಲ್ಲ. ಆಯಿಯ ಬಳಿ ಆಸ್ಮಾಳನ್ನು ಕೂರಿಸಿ, ಬಸ್ ಸ್ಟ್ಯಾಂಡಿಗೆ ಹೋಗಿ ಸಿಕ್ಕ ಬಸ್ಸು ಹತ್ತಿದಳು. ಶಹಾಪುರದಲ್ಲಿ ಕಿಟಕಿಯಾಚೆ ಮಲಗಿದ ಬುದ್ಧನ ಗುಡ್ಡ ಹಾದುಹೋಯಿತು. ಯಾವಾಗಲೂ ಅದನ್ನು ನೋಡಿ ಕೈ ಮುಗಿಯುವವಳು ಅಂದು ನೋಡಲೇ ಇಲ್ಲ.

ಯಾದಗಿರಿಯಲ್ಲಿ ಬಸ್ಸು ಬದಲಿಸಿದಳು. ರಾಮಸಮುದ್ರದ ಹೊರಗೆ, ಹೊಲದ ಬದುವಿನಲ್ಲಿ ಕುರಿಹಟ್ಟಿ. ಹಟ್ಟಿಯ ತುದಿಯ ತಗಡಿನ ಶೆಡ್ಡಿನಿಂದ ಒಂದು ಕೊಳವೆ ಹೊರಬಂದಿತ್ತು. ಅದರ ಬಿಸಿಗಾಳಿಯೆದುರು ಕುರಿಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಸದ್ದಿಗೆ ಬೆದರಿದ್ದ ಕುರಿಗಳು, ಮಶೀನುಗಳಿಗೆ ಕಂಬಳಿಯ ಪೆಟ್ಟಿಗೆ ಬಂದ ಮೇಲೆ, ಈ ಬಿಸಿಗೆ ಒಲಿದಿದ್ದವು.

ಬಸವಂತನ ಅಪ್ಪ ಮಲ್ಕಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಸುರಪುರದ ಟೀಚರ್ ನೀನೇ ಏನವ್ವಾ? ಬಂದಾಗಿಂದ ಅಂವ ಅರಿಷ್ಟ ಬಡದಂಗ ಕುಂತಾನ. ತಗೋ, ಮಜ್ಜಿಗಿ ಕುಡಿ. ನಮ್ಮ ಮನೀದು ನಡೀತದಿಲ್ಲೋ?"

"ನಿಮಗ ನಮ್ಮ ಮನೀದು ನಡದ್ರ ನನಗ ನಿಮ್ದು ನಡೀತದ್ರಿ ಕಾಕಾ," ಎಂದು ಗಟಗಟನೆ ಕುಡಿದಳು. ಮುದುಕ ಮೀಸೆಯಲ್ಲಿ ನಕ್ಕು ಕುರಿಗಳತ್ತ ನಡೆದ.

ಬಸವಂತ ಎದುರಿಗೆ ಬಂದು ನಿಂತ. ಇಳಿದುಹೋಗಿದ್ದ.

"ಅವತ್ತು ಹೇಳಾಕ ಬಿಡ್ಲಿಲ್ಲ ನಾನು," ಎಂದಳು ಪರಿಮಳಾ. "ಇವತ್ತು ಹೇಳ್ರಿ."

"ನಾ ಹುಟ್ಟಿದಾಗ ನಮ್ಮವ್ವ ಹೋದ್ಳು ರೀ. ಊಟ ಆತೇನಂತ ನನ್ನ ಯಾರೂ ಕೇಳಿದ್ದಿಲ್ಲ. ಆ ಗ್ವಾಡಿ ಕೇಳ್ತು. ನನ್ನನ್ನ ಕೇಳಾಕತ್ತಾರಂತ ತಿಳ್ಕೊಂಡು ಆತು ಅಂದೆ. ನಿಮ್ಮ ಅವ್ವನ ಸುದ್ದಿ ನನಗ ಮಾಲೂಮ್ ಇರ್ಲಿಲ್ರಿ."

ಅವಳ ಕಣ್ಣು ತುಂಬಿದವು. "ಮತ್ತ ಆ ಹಾಡು?"

"ಯಾವ ಹಾಡು?"

"ಮಧ್ಯಾಹ್ನ ಗುನುಗೋ ಹಾಡು. ಅದ್ಯಾರದು?"

ಬಸವಂತ ವಿಚಿತ್ರವಾಗಿ ನೋಡಿದ. "ಅದು... ನೀವಲ್ಲೇನು? ಊಟದ ಬಿಡುವಿಗೆ ಮನಿಗೆ ಬರ್ತೀರಂತ ತಿಳಿದಿದ್ದೆ. ದಿನಾ ಮಧ್ಯಾಹ್ನ ಮಶೀನ್ ಬಂದ್ ಮಾಡಿ ಕೇಳ್ತಿದ್ದೆ. ಅದನ್ನ ಕೇಳಿ ಕೇಳೇ ನಿಮ್ಮ ಮ್ಯಾಲ ನನ್ನ ಜೀವ..." ಎಂದವನು ತಡೆದ.

"ಬಸವಂತ... ದಿನಾ ಮಧ್ಯಾಹ್ನ ನಾ ಶಾಲ್ಯಾಗ ಇರ್ತೀನಿ."

ಗಾಳಿ ನಿಂತಂತಾಯಿತು. ಬಿಸಿಲಿನಲ್ಲೇ ಇಬ್ಬರಿಗೂ ಮೈ ಮೇಲೆ ಮುಳ್ಳೆದ್ದವು.

ಅಂದೇ ಇಬ್ಬರೂ ಮೋಟಾರ್‌ಸೈಕಲ್ಲಿನಲ್ಲಿ ಸುರಪುರಕ್ಕೆ ಬಂದರು. ಹೊತ್ತು ಇಳಿಯುತ್ತಿತ್ತು. ಬಸವಂತ ಜೇಡರ ಬಲೆ ಸರಿಸಿ, ತನ್ನ ಬಳಿಯೇ ಉಳಿದಿದ್ದ ಕೀಲಿಯಿಂದ ಬೀಗ ತೆಗೆದ. ಬೆಳಕಿಂಡಿಯಿಂದ ಬಿದ್ದ ಬೆಳಕಿನಲ್ಲಿ ಖಾಲಿ ಕೋಣೆ. ನೆಲದ ಧೂಳಿನಲ್ಲಿ ಒಂದೂ ಹೆಜ್ಜೆಯಿಲ್ಲ.

ಆದರೆ ಗೋಡೆ...

ಕೂತವರ ಕೆನ್ನೆಯ ಎತ್ತರಕ್ಕೆ, ಆಯಿ ಆ ಕಡೆ ಒರಗುವ ಜಾಗಕ್ಕೆ ಸರಿಯಾಗಿ, ಅಂಗೈಯಗಲ ಧೂಳು ಒರೆಸಿಹೋಗಿತ್ತು. ಈ ಕಡೆಯೂ ಯಾರೋ ಕೆನ್ನೆ ಹಚ್ಚಿ ಕೂರುತ್ತಿದ್ದ ಹಾಗೆ.

"ನಾ ಅಲ್ಲಿ ಒರಗಿಲ್ರಿ," ಬಸವಂತನ ಧ್ವನಿ ಒಡೆಯಿತು. "ಅಲ್ಲಿ ಪೆಟ್ಟಿಗಿ ಇತ್ತು."

ಪರಿಮಳಾ ಅಂಗೈ ಇಟ್ಟಳು. ಚಳಿಗಾಲದ ಸಂಜೆ, ತಿಂಗಳಿನಿಂದ ಮುಚ್ಚಿದ ಮನೆ. ಆ ಕಲ್ಲು ಮಾತ್ರ ಬೆಚ್ಚಗಿತ್ತು!

ಅವಳು ಕೈ ತೆಗೆಯಲಿಲ್ಲ. ವಿಜ್ಞಾನವೂ ನೆನಪಾಗಲಿಲ್ಲ, ಓಡಬೇಕೆಂದೂ ಅನ್ನಿಸಲಿಲ್ಲ. "ಅವ್ವಾ," ಎಂದಳು ಮೆಲ್ಲಗೆ. ಹೋದ ಬೇಸಿಗೆಯಿಂದ ತಡೆದಿಟ್ಟ ಅಳು ಅಂದು ಕಟ್ಟೆಯೊಡೆಯಿತು. ಬಸವಂತ ಅವಳ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತ.

ಮನೆಗೆ ಬಂದಾಗ ದೇವಕಮ್ಮ ಅವನನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಪುಂಡಿಪಲ್ಯ ಉಣ್ಣೋ ಹುಡುಗ ಇವನೇನು?"

ಪರಿಮಳಾ ದಂಗಾದಳು. "ಆಯಿ! ನಿನಗ ಗೊತ್ತಿತ್ತೇನು?"

"ಗಂಡಸಿನ ಧ್ವನಿ ಯಾವುದು, ಹೊಟ್ಟೀಲೆ ಹುಟ್ಟಿದ ಮಗಳ ಧ್ವನಿ ಯಾವುದು, ಅಷ್ಟೂ ತಿಳಿಯಂಗಿಲ್ಲೇನು ನನಗ? ಅಲ್ಲೊಂದು ಜೀವ ಒಬ್ಬಂಟಿ ಇತ್ತು. ಕೇಳಿದೆ. ನನಗೂ ಕೇಳಾಕ ಯಾರರೆ ಬೇಕಾಗಿತ್ತು."

"ಮತ್ತ... ಹಾಡು?"

ಮುದುಕಿ ಗೋಡೆಯತ್ತ ತಿರುಗಿ ಒಂದಿಷ್ಟು ಹೊತ್ತು ಕಿವಿಗೊಟ್ಟಳು. "ನಿಂತದ," ಎಂದಳು. "ಹೋದ್ಳು ಕಾಣ್ತದ. ಹೋಗ್ಲಿ, ದಣಿದಿದ್ಳು." ಆಮೇಲೆ ತಾಟು ಮುಂದಕ್ಕೆಳೆದು ಉಣ್ಣತೊಡಗಿದಳು.

ಇಬ್ಬರೂ ಮಾಳಿಗೆ ಹತ್ತಿದರು. ಗುಡ್ಡದಾಚೆ ಸೂರ್ಯ ಮುಳುಗಿದ್ದ. ಓಣಿಯ ಹೆಂಚು, ಕಲ್ಲುಗಳೆಲ್ಲ ಕೆಂಪಾಗಿದ್ದವು.

"ಮಶೀನ್ ಅಲ್ಲೇ ಇರ್ಲಿ," ಎಂದಳು ಪರಿಮಳಾ. "ನೀವು ಬರ್ರಿ."

"ಮಶೀನ್ ಇಲ್ದ ಇಲ್ಲಿ ನಾ ಏನ್ ಮಾಡ್ಲಿ ಟೀಚರ್?"

"ಮೊದಲ ಆ ಟೀಚರ್ ಅನ್ನೋದು ಬಿಡ್ರಿ. ಪರಿಮಳಾ ಅನ್ರಿ."

"ಪರಿಮಳಾರೀ..."

"ರೀ ಬ್ಯಾಡ!"

"ಮತ್ತ ನೀವೂ ರೀ ಅನ್ನಾಕತ್ತೀರಲ್ಲ!"

ಅವಳು ನಕ್ಕು ಕೈ ಚಾಚಿದಳು. "ಬಸವಂತ... ಕೈ ಕೊಡು."

ಕೊಟ್ಟ. ದೊಡ್ಡ ಕೈ, ಎಲೆಯ ಹಾಗೆ ಅದುರುತ್ತಿತ್ತು.

"ಯಾಕ ನಡಗಾಕತ್ತೀ? ಆ ಮನಿ ಅಂಜಿಕಿ ಏನು?"

"ಅಲ್ಲ. ನಿನ್ನ ಬಿಟ್ಟು ಇರಾಕ ಆಗಂಗಿಲ್ಲ ಅಂತ ಹೇಳಬೇಕಂತೀನಿ. ನೀ ಒಲ್ಲೆ ಅಂದ್ಬಿಟ್ರ ಅಂತ..."

"ಹುಚ್ಚ," ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. "ಒಲ್ಲೆ ಅನ್ನೋಕಿ ಎರಡು ಬಸ್ ಹತ್ತಿ ಬರ್ತಿದ್ಳೇನು?"