ನೆಟ್ಟಗೆ ನಿಂತ ಎಂಟು ಸ್ಕ್ರೂ

ಗಾಜಿನ ಕಪಾಟಿಗೆ ಬೀಗ ಹಾಕಿದ್ದು ಹಾಗೇ ಇತ್ತು. ಒಳಗೆ ಬಲ್ಬು ಉರಿಯುತ್ತಿತ್ತು. ಬಲ್ಬಿನ ಕೆಳಗಿರಬೇಕಾದ ಕರಿಮರದ ಪೆಟ್ಟಿಗೆ ಮಾತ್ರ ಇರಲಿಲ್ಲ.

ಹಿಂದಿನ ಸಂಜೆ ನಾವೇ ಅದನ್ನು ನೋಡಿದ್ದೆವು. ಯಾವುದೋ ಕಾಲದ ರಾಣಿ ಪತ್ರಗಳನ್ನು ಇಡುತ್ತಿದ್ದ ಪುಟ್ಟ ಪೆಟ್ಟಿಗೆ. ಮುಚ್ಚಳ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಇನ್ನೊಮ್ಮೆ ನೋಡಲೇಬೇಕೆಂದು ದೊಡ್ಡಮ್ಮ ಹಟ ಹಿಡಿದದ್ದಕ್ಕೆ ಬೆಳಿಗ್ಗೆ ಒಂಬತ್ತಕ್ಕೇ ಅರಮನೆಗೆ ಬಂದಿದ್ದೆವು. ಸೀಸನ್ ಅಲ್ಲದ ಕಾಲ. ಹೋಟೆಲಿನಲ್ಲಿ ನಾವೇ, ಬೀದಿಯಲ್ಲಿ ನಾವೇ. ಇಡೀ ಹಳೆಯ ಊರನ್ನು ನಮ್ಮ ಮನೆಯವರಿಗೆಂದೇ ಗುಡಿಸಿಟ್ಟ ಹಾಗಿತ್ತು.

ಅದೇ ಈಗ ಕುತ್ತಿಗೆಗೆ ಬಂತು. ನಿನ್ನೆ ಮಧ್ಯಾಹ್ನದಿಂದ ಅರಮನೆ ನೋಡಲು ಬಂದವರು ನಾವು ನಾಲ್ವರೇ: ಅಪ್ಪ, ಅಮ್ಮ, ದೊಡ್ಡಮ್ಮ, ನಾನು. ಮುಚ್ಚುವ ಹೊತ್ತಿಗೆ ಟೋಪಿ ಮರೆತೆನೆಂದು ಅಪ್ಪ ಒಬ್ಬರೇ ಈ ಕೋಣೆಗೆ ವಾಪಸ್ ಬಂದಿದ್ದರು. ಅರಮನೆಯ ಉಸ್ತುವಾರಿ ಅಧಿಕಾರಿ ಅಪ್ಪನ ಚೀಲ ತೆಗೆಸಿದ. ಎರಡು ಜೊತೆ ಕಾಲುಚೀಲ, ಅರ್ಧ ಖಾಲಿಯಾದ ಬಿಸ್ಕತ್ತು ಪೊಟ್ಟಣ. ಹೋಟೆಲಿನ ಕೋಣೆಯನ್ನೂ ನೋಡಿ ಎಂದು ಅಪ್ಪ ಒತ್ತಾಯಿಸಿದರು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವರ ಮೇಲೆ ಅನುಮಾನ ಪಟ್ಟಿದ್ದರು, ಒಳಗೊಳಗೇ ಖುಷಿಯಾಗಿತ್ತು.

ಆದರೆ ಕಪಾಟಿಗೆ ಇದ್ದದ್ದು ಒಂದೇ ಕೀ. ಅದು ಕಾವಲಿನ ಹೆಂಗಸಿನ ಸೊಂಟದಲ್ಲಿತ್ತು. ಅಪ್ಪ ನಿನ್ನೆಯೇ ಆಕೆಗೆ ಬೀಗದಮ್ಮ ಎಂದು ಅಡ್ಡಹೆಸರಿಟ್ಟಿದ್ದರು. ಹತ್ತೊಂಬತ್ತು ವರ್ಷದಿಂದ ಇಲ್ಲಿನ ಬಾಗಿಲು ತೆರೆದು ಮುಚ್ಚಿದವಳು. ಅಧಿಕಾರಿ ಮೇಜಿನ ಮುಂದೆ ಕೂತು ಪೊಲೀಸರಿಗೆ ದೂರು ಬರೆಯತೊಡಗಿದ. ಮೊದಲ ಸಾಲಿನಲ್ಲೇ ಆಕೆಯ ಹೆಸರು. ಸಂಜೆಯೊಳಗೆ ಕೆಲಸ ಹೋಗುತ್ತದೆ, ಕಳ್ಳಿ ಎಂದಮೇಲೆ ಬೇರೆಲ್ಲೂ ಸಿಗುವುದಿಲ್ಲ. ಅದು ಆಕೆಗೂ ಗೊತ್ತಿತ್ತು. ಅಳಲಿಲ್ಲ. ಕೀ ಗೊಂಚಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದಳು.

* * *

ದೊಡ್ಡಮ್ಮ ಕನ್ನಡಕ ರಿಪೇರಿ ಮಾಡುವವರು. ಮೂವತ್ತು ವರ್ಷ ಎಳ್ಳುಕಾಳಿನಷ್ಟು ಸ್ಕ್ರೂಗಳ ಜೊತೆ ಸಂಸಾರ ಮಾಡಿದವರು. ಅವರು ಬೀಗವನ್ನು ನೋಡಲೇ ಇಲ್ಲ. ಕಪಾಟಿನ ಪಕ್ಕಕ್ಕೆ ಹೋಗಿ ಬಾಗಿಲಿನ ಕೀಲುಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಪಕ್ಕದ ಕಪಾಟು. ಆಮೇಲೆ ಅದರಾಚೆಯದು.

"ಕಳ್ಳ ಅಲ್ಲೇನಾದ್ರೂ ಕೂತಿದ್ದಾನಾ ಅತ್ತಿಗೆ?" ಅಪ್ಪ ಕೇಳಿದರು.

"ಸುಮ್ನಿರಿ. ನಿಮ್ಮ ಸರದಿ ಮುಗೀತಲ್ಲ."

ನನ್ನನ್ನು ಹತ್ತಿರ ಕರೆದು ತೋರಿಸಿದರು. ಉಳಿದ ಕಪಾಟುಗಳಲ್ಲಿ ಸ್ಕ್ರೂ ತಲೆಯ ಗೀರು ಒಂದೊಂದೂ ಒಂದೊಂದು ದಿಕ್ಕಿಗಿತ್ತು. ಗೀರಿನೊಳಗೆ ಹಳೆಯ ಬಣ್ಣ ತುಂಬಿಕೊಂಡಿತ್ತು. ಈ ಕಪಾಟಿನಲ್ಲಿ ಬಣ್ಣ ಕಿತ್ತಿತ್ತು. ಎಂಟಕ್ಕೆ ಎಂಟೂ ಗೀರು ನೆಟ್ಟಗೆ, ಮೇಲಿಂದ ಕೆಳಕ್ಕೆ.

ಬೀಗ ಮುಟ್ಟಿಲ್ಲ, ಕೀಲು ಬಿಚ್ಚಿ ಬಾಗಿಲನ್ನೇ ತೆಗೆದಿದ್ದಾರೆ ಎಂದರು ದೊಡ್ಡಮ್ಮ. ಕೀ ಇರುವವಳಿಗೆ ಆ ಕಷ್ಟ ಯಾಕೆ? ಅನುಮಾನ ಬೇರೆಯವರ ಮೇಲೆ ಹೋಗಲಿ ಎಂದು ಆಕೆಯೇ ಬಿಚ್ಚಿರಬಹುದಲ್ಲ ಎಂದ ಅಧಿಕಾರಿ. ಪೆನ್ನು ನಿಲ್ಲಲಿಲ್ಲ.

* * *

ನಿನ್ನೆ ಮೇಲೆ ಬಡಗಿಯೊಬ್ಬ ಕೆಲಸ ಮಾಡುತ್ತಿದ್ದದ್ದು ನೆನಪಾಗಿ ದೊಡ್ಡಮ್ಮ ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಓಡಿದೆ. ಮೇಲಿನ ಹಜಾರದಲ್ಲಿ ಬಡಗಿ ಕಿಟಕಿಗಳನ್ನು ರಿಪೇರಿ ಮಾಡುತ್ತಿದ್ದ. ಜನ ಬಾರದ ತಿಂಗಳುಗಳಲ್ಲೇ ಆ ಕೆಲಸ. ಕಿಟಕಿಯ ಬಾಗಿಲು ತಳ್ಳಿದರೆ ಸದ್ದಿಲ್ಲದೆ ಹೋಗಿ ಬಿಟ್ಟ ಕಡೆ ನಿಲ್ಲುತ್ತಿತ್ತು. ಹಳೆಯ ಮರಕ್ಕೆ ಹೊಸ ಮರ ಸೇರಿಸಿದ ಜಾಗ ಬೆರಳಿಗೆ ಸಿಗುತ್ತಿರಲಿಲ್ಲ. ಹದಿನಾಲ್ಕು ಕಿಟಕಿ. ಎಲ್ಲ ಸ್ಕ್ರೂಗಳ ಗೀರೂ ನೆಟ್ಟಗೆ.

"ಎಷ್ಟು ಚಂದ ಮಾಡಿದ್ದೀಯಪ್ಪ," ದೊಡ್ಡಮ್ಮ ಮನಸಾರೆ ಹೇಳಿದರು. "ಕದಿಯೋವಾಗಲಾದ್ರೂ ಒಂದು ಸ್ಕ್ರೂ ಸೊಟ್ಟಗೆ ಬಿಡಬಾರದಿತ್ತಾ?"

ಬಡಗಿ ಓಡಲಿಲ್ಲ. ಮೂಲೆಯ ಬೆಂಚಿನ ಮೇಲಿದ್ದ ಬಟ್ಟೆ ಸರಿಸಿದ. ಮರವನ್ನು ಬಿಗಿಹಿಡಿಯುವ ಎರಡು ಕ್ಲಾಂಪುಗಳ ನಡುವೆ ಪೆಟ್ಟಿಗೆ ಇತ್ತು.

"ಬಿಚ್ಚಬೇಡಿ. ಅಂಟು ಒಣಗೋಕೆ ನಾಳೆ ಆಗುತ್ತೆ."

ಬಿರುಕು ಎಲ್ಲಿತ್ತೆಂದು ನನಗೆ ಗೊತ್ತಾಗಲಿಲ್ಲ. ಬಲ್ಬಿನ ಕಾವಿಗೆ ಮರ ಸೀಳುತ್ತಿದೆ ಎಂದು ಅಧಿಕಾರಿಗೆ ಮೂರು ಸಲ ಹೇಳಿದ್ದನಂತೆ. ನೀನು ಕಿಟಕಿ ನೋಡಿಕೋ ಎಂಬ ಉತ್ತರ ಬಂದಿತ್ತಂತೆ. ನಿನ್ನೆ ನಾವು ಹೋದಮೇಲೆ, ಬೀಗದಮ್ಮ ಹಿಂಬಾಗಿಲು ಮುಚ್ಚಲು ಹೋದಾಗ ಕೀಲು ಬಿಚ್ಚಿದ್ದ. ಈ ಕಾಲದಲ್ಲಿ ಎರಡು ದಿನ ಯಾರೂ ಬರುವುದಿಲ್ಲ, ಅಷ್ಟರಲ್ಲಿ ವಾಪಸ್ ಇಟ್ಟರಾಯಿತು ಎಂದುಕೊಂಡಿದ್ದ.

ದೊಡ್ಡಮ್ಮ ಮುಚ್ಚಳದ ಮೇಲೆ ಒಮ್ಮೆ ಬೆರಳಾಡಿಸಿದರು.

"ನಿನ್ನ ಕೈ ಬಂಗಾರ. ಬಾಯಿಗೇನಾಗಿತ್ತು? ಕೆಳಗೆ ಆಯಮ್ಮನ ಹೆಸರು ಬರೀತಿದ್ದಾರೆ. ಗೊತ್ತಿತ್ತಾ?"

ಗೊತ್ತಿತ್ತು ಎಂದ. ಕೆಳಗಿನ ಮಾತು ಮೆಟ್ಟಿಲಿನವರೆಗೂ ಕೇಳಿಸಿತ್ತಂತೆ. ಆಗ ತಲೆ ತಗ್ಗಿಸಿದ.

* * *

ಕೆಳಗೆ ದೊಡ್ಡಮ್ಮ ಅಧಿಕಾರಿಗೆ ಬಿಡಿಸಿ ಹೇಳಿದರು. ಅನುಮಾನ ತಿರುಗಿಸಬೇಕೆನ್ನುವವರು ಬಾಗಿಲನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಬಿಡುತ್ತಾರೆ. ಸಾಮಾನ್ಯ ಕಳ್ಳ ಗಡಿಬಿಡಿಯಲ್ಲಿ ಹೇಗೋ ತಿರುಗಿಸಿ ಓಡುತ್ತಾನೆ. ಗೀರುಗಳನ್ನು ಸಾಲಾಗಿ ನಿಲ್ಲಿಸುವುದರಿಂದ ಯಾರಿಗೂ ಲಾಭವಿಲ್ಲ. ಎದೆ ಡವಡವ ಎನ್ನುವಾಗಲೂ ಅದನ್ನು ಮಾಡುವುದು, ಮಾಡದೆ ಇರಲಾರದ ಕೈ ಒಂದೇ.

"ನಾನೇ ತೆಗೆದದ್ದು," ಎಂದ ಪಕ್ಕದಲ್ಲಿ ನಿಂತಿದ್ದ ಬಡಗಿ. "ಕಾವಲಿನ ಅಮ್ಮನಿಗೆ ಗೊತ್ತೇ ಇಲ್ಲ."

ಅಧಿಕಾರಿ ದೂರಿನಲ್ಲಿ ಬೀಗದಮ್ಮನ ಹೆಸರಿನ ಮೇಲೆ ಗೀಟು ಎಳೆದು, ಮೇಲೆ ಬಡಗಿಯ ಹೆಸರು ಬರೆಯಲು ಹೊರಟ. ಬೆಳಿಗ್ಗೆಯಿಂದ ಆಕೆ ಬಾಯಿ ಬಿಟ್ಟದ್ದು ಆಗಲೇ.

"ಗೀಟು ಹಾಕಿದ್ರೆ ಕೆಳಗೆ ನನ್ನ ಹೆಸರು ಕಾಣುತ್ತೆ ಸಾರ್. ಹೊಸ ಹಾಳೇಲಿ ಬರೀರಿ."

ಅಧಿಕಾರಿ ದೊಡ್ಡಮ್ಮನನ್ನು ನೋಡಿದ. ನಮ್ಮೆಲ್ಲರನ್ನೂ ನೋಡಿದ. ಯಾರೂ ಕದಲಲಿಲ್ಲ. ಹಾಳೆ ಹರಿದು ಹೊಸದನ್ನು ತೆಗೆದ. ಬೀಗದಮ್ಮ ಮೇಜಿನ ಮೇಲೆ ಬಾಗಿ, ಅವನು ಬರೆದ ಒಂದೊಂದು ಅಕ್ಷರವನ್ನೂ ಓದಿಕೊಂಡಳು.