ಪರಮಣ್ಣ ಮಾಸ್ತರನ ದವಡೆ

ಯಮನಮ್ಮ ತೊಟ್ಟಿಲಲ್ಲಿದ್ದಾಗಲೇ ತಾಯಿ ಬಂಡೆಮ್ಮ ಅವಳನ್ನು ತನ್ನ ಅಣ್ಣನ ಮಗ ಸಾಬಣ್ಣನಿಗೆ ಕೊಡುವುದಾಗಿ ಹೇಳಿದ್ದಳು. ಈಗ ದೇವದುರ್ಗದ ಪರಮಣ್ಣ ಮಾಸ್ತರ ವರನಾಗಿ ಗೊತ್ತಾಗಿದ್ದ. ರಾಯಚೂರಿನ ದವಾಖಾನೆಯಲ್ಲಿ ಎಕ್ಸ್‌ರೇ ಹಾಳೆ ತೊಳೆಯುವ ಸಾಬಣ್ಣನ ಅಂಗಿ ನಾರುತ್ತದೆ ಎಂದು ಅತ್ತೆ ಅಂದಳಂತೆ. ಆ ಮಾತು ಅವನನ್ನು ಮದುವೆ ತಪ್ಪಿದ್ದಕ್ಕಿಂತ ಹೆಚ್ಚು ಉರಿಸಿತು. ಯಮನಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ, ಸಾಬಣ್ಣನೂ ಕೇಳಿರಲಿಲ್ಲ.

ಅದು ೧೯೮೩. ಡಾಕ್ಟರು ಹೊಸದೊಂದು ಬಣ್ಣದ ಪುಡಿಯನ್ನು ಪರೀಕ್ಷಿಸುತ್ತಿದ್ದರು. ಕ್ಯಾನ್ಸರ್ ಗಡ್ಡೆ ಆ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲಲ್ಲಿ ನೇರಳೆ ದೀಪ ಹಿಡಿದರೆ ಹಸಿರಾಗಿ ಮಿನುಗುತ್ತದೆ. ಮುಂದೆ ಬೆಳಕಿನಿಂದಲೇ ಗಡ್ಡೆಯನ್ನು ಸುಡಬಹುದು ಎನ್ನುತ್ತಿದ್ದರು. ಸಾಬಣ್ಣ ಅಷ್ಟು ದೂರ ಹೋಗಲಿಲ್ಲ. ಒಂದು ಮದುವೆ ಸುಟ್ಟರೆ ಅವನಿಗೆ ಸಾಕಿತ್ತು.

ಚಿಟಿಕೆ ಪುಡಿ ಕದ್ದ. ನೇರಳೆ ಕೈದೀಪವನ್ನು ಟವೆಲಿನಲ್ಲಿ ಸುತ್ತಿದ. ನಿಶ್ಚಯದ ದಿನ ಮಾಸ್ತರನಿಗೆ ತಾನೇ ಎಲೆಅಡಿಕೆ ಮಡಿಚಿ ಕೊಡುವುದು. ಪುಡಿಯ ಹಳದಿ ಎಲೆಅಡಿಕೆಯ ಕೆಂಪಿನಲ್ಲಿ ಅಡಗುತ್ತದೆ. ಬೇರೆ ಯಾರ ಬಾಯಿಯೂ ಹೊಳೆಯದು, ಅದೇ ಸಾಕ್ಷಿ. ಕನ್ನಡಿಯ ಮುಂದೆ ನಿಂತು ಮರುಗುವ ಮುಖವನ್ನೂ ರೂಢಿ ಮಾಡಿಕೊಂಡು ಅತ್ತೆಯ ಊರಾದ ಮಾನ್ವಿಯ ಬಸ್ಸು ಹತ್ತಿದ.

ಮಾಸ್ತರ ಎಲೆಯನ್ನು ಚೆನ್ನಾಗಿಯೇ ಅಗಿದ.

"ತಂಬಾಕು ಹಾಕೋ ಬಾಯಿ, ಒಮ್ಮಿ ನೋಡೇಬಿಡೂಣ್ರಿ ಮಾಸ್ತರ. ನಮ್ಮ ದವಾಖಾನಿ ಹೊಸಾ ದೀಪ ಅದ."

"ನೋಡ್ರಿ, ನೋಡ್ರಿ. ಪುಗಸಟ್ಟೆ ಅಲ್ಲೇನ್ರೀ?"

ಕಿಟಕಿ, ಬಾಗಿಲು ಮುಚ್ಚಿದರು. ದೀಪ ಹತ್ತಿತು. ಮಾಸ್ತರನ ದವಡೆ ಹಸಿರಾಗಿ ಉರಿಯಿತು.

"ಯವ್ವಾ!" ಎಂದಳು ಯಮನಮ್ಮ. ಮಾಸ್ತರ ಬಾಯಿ ಮುಚ್ಚುವುದನ್ನೇ ಮರೆತ.

"ಗಡ್ಡಿ ಬ್ಯಾನಿ ಕಾಣಸ್ತದ," ಸಾಬಣ್ಣ ಕಲಿತ ಮುಖದಿಂದಲೇ ಮರುಗಿದ. "ಮದುವಿ ಸದ್ಯ ನಿಲ್ಲಸೂದು ಛಲೋ, ಅತ್ತಿ."

ಬಂಡೆಮ್ಮ ಗೋಡೆಗೆ ಒರಗಿದಳು. ಗೆದ್ದ ನೆಮ್ಮದಿಯಲ್ಲಿ ಸಾಬಣ್ಣ ದೀಪ ಹಿಡಿದ ಕೈಯನ್ನು ಇಳಿಸಿದ; ಬೆಳಕು ಕೂತ ಹೆಂಗಸರತ್ತ, ಬಾಗಿಲತ್ತ ಹೊರಳಿತು. ಅಂದು ಶುಕ್ರವಾರ. ಬೆಳಗ್ಗೆಯೇ ಬಂಡೆಮ್ಮ ಹೊಸ್ತಿಲಿಗೆ ಎಣ್ಣೆಯಲ್ಲಿ ಕಲಸಿದ ಅರಿಶಿಣ ಬಳಿದಿದ್ದಳು; ಉಳಿದದ್ದನ್ನು ಮಗಳ ಗಲ್ಲಕ್ಕೆ, ತನ್ನ ಗಲ್ಲಕ್ಕೆ, ಬಂದ ಮುತ್ತೈದೆಯರ ಗಲ್ಲಕ್ಕೆ ಹಚ್ಚಿದ್ದಳು. ಅರಿಶಿಣವೂ ಆ ದೀಪಕ್ಕೆ ಮಿನುಗುತ್ತದೆಂದು ಸಾಬಣ್ಣನಿಗೆ ಯಾರೂ ಹೇಳಿರಲಿಲ್ಲ. ಕತ್ತಲಲ್ಲಿ ಸಾಲಾಗಿ ಗಲ್ಲಗಳು ಹೊಳೆದವು. ಬಾಗಿಲ ಉದ್ದಕ್ಕೂ ಹೊಸ್ತಿಲು ಹೊಳೆಯಿತು. ಬಂಡೆಮ್ಮ ಅದನ್ನೊಮ್ಮೆ ನೋಡಿದಳು, ಸೋದರಳಿಯನನ್ನೊಮ್ಮೆ ನೋಡಿದಳು. "ಯಾಕಲೇ ಸಾಬ್ಯಾ, ನಮ್ಮ ಹೊಸ್ತಿಲಕ್ಕೂ ಗಡ್ಡಿ ಆಗ್ಯಾದೇನು?"