ಬೆಳ್ಳುಳ್ಳಿ ಮುಟ್ಟದವನು

ಪ್ರವೀಣ್‌ಕುಮಾರ್ ನನ್ನ ಅಡುಗೆಯನ್ನು ಮೊದಲ ಸಲ ಬಾಯಿಗಿಟ್ಟದ್ದು ಇಡೀ ಕ್ಯಾಂಟೀನಿನ ಎದುರಿಗೆ. ಮರುಕ್ಷಣ ವಾಶ್‌ಬೇಸಿನ್ನಿಗೆ ಹೋಗಿ ಉಗುಳಿದ್ದೂ ಇಡೀ ಕ್ಯಾಂಟೀನಿನ ಎದುರಿಗೇ.

ಕೀಳ್ ಕೋತಗಿರಿಯ ಆ ಟೀ ಫ್ಯಾಕ್ಟರಿಯ ಕ್ಯಾಂಟೀನನ್ನು ನಾನೂ ನನ್ನ ಚಿಕ್ಕಮ್ಮ ಚನ್ನಾಜಮ್ಮನೂ ನಡೆಸುತ್ತೇವೆ. ಹೆಲ್ತ್ ಕ್ಯಾಂಪಿಗೆ ಬಂದಿದ್ದ ಡಾಕ್ಟರಮ್ಮ, ಇಲ್ಲಿಯ ಹೆಂಗಸರಿಗೆ ಪ್ರೋಟೀನ್ ಸಾಲದು, ಟೋಫು ಕೊಡಿ ಎಂದು ಹೇಳಿ ಕಾರು ಹತ್ತಿದರು. ಹೇಳುವವರಿಗೇನು, ಮಾಡುವವಳು ನಾನು. ಸೋಯಾ ಕಾಳು ನೆನೆಸಿ, ರುಬ್ಬಿ, ಹಾಲು ಹಿಂಡಿ ಕಾಯಿಸಿ, ನಿಂಬೆರಸ ಹಾಕಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿಟ್ಟೆ. ಆ ಬಿಳಿ ತುಂಡುಗಳನ್ನು ಬೆಳ್ಳುಳ್ಳಿ ಸಾರಿಗೆ ಹಾಕಿ ಬಡಿಸಿದರೆ, ಚಹಾ ಎಲೆ ತೂಕ ಹಾಕುವ, ಹಾಲಿ ಎಂಬ ಹೆಸರಿನ ಅಣ್ಣ ತಟ್ಟೆಯನ್ನೇ ದೂರ ತಳ್ಳಿದ.

"ಏನಮ್ಮಾ ಇದು, ಸೋಪು ಬೇಯ್ಸಿದ್ದೀಯಾ?"

ಆಗಲೇ ಪ್ರವೀಣ್ ಬಾಗಿಲಲ್ಲಿ ಕಾಣಿಸಿಕೊಂಡದ್ದು. ಅವನು ಫ್ಯಾಕ್ಟರಿಯ ಟೀಮೇಕರ್. ಚಹಾದ ರುಚಿ ನೋಡಿ, ಇದು ಮಾರಾಟಕ್ಕೆ ಹೋಗಲಿ, ಇದು ಬೇಡ ಎಂದು ಹೇಳುವವನು. ಅವನ ನಾಲಿಗೆ ಹೇಳಿದ್ದೇ ಇಲ್ಲಿ ಕೊನೆಯ ಮಾತು. ಅವನು ಹೂಂ ಅಂದರೆ ಎಲ್ಲರೂ ತಿಂದಾರು ಎಂದು ಒಂದು ತುಂಡು ಚಾಚಿದೆ. ಅವನು ನನ್ನನ್ನು ನೋಡಿದ, ತುಂಡನ್ನು ನೋಡಿದ, ಮತ್ತೆ ನನ್ನನ್ನೇ ನೋಡುತ್ತ ಬಾಯಿಗೆ ಹಾಕಿಕೊಂಡ. ಆಮೇಲೆ ಮಾಡಿದ್ದನ್ನು ಹೇಳಿದೆನಲ್ಲ. ಆವತ್ತು ಮಾಡಿದ್ದೆಲ್ಲ ಪಾತ್ರೆಯಲ್ಲೇ ಉಳಿಯಿತು.

ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ನಾನು ಟೋಫು ಮಾಡುವುದನ್ನು ಕಲಿತದ್ದು. ತಪ್ಪೆಲ್ಲ ನೀರಿನದು. ಕಟ್ಟಿದ ಬಟ್ಟೆಯ ಮೇಲೆ ಗುಂಡುಕಲ್ಲು ಹೇರಿ ನೀರು ಪೂರ್ತಿ ಇಳಿಯಲು ಬಿಟ್ಟೆ. ತುಂಡುಗಳನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕಬ್ಬಿಣದ ಹೆಂಚಿನ ಮೇಲೆ ಅಂಚು ಕೆಂಪಗಾಗುವಷ್ಟು ಹುರಿದೆ. ಆಮೇಲೆ ಅವರೆಕಾಳಿನ ಗೊಜ್ಜಿಗೆ ಹಟ್ಟಿಯ ಹೆಂಗಸರು ಮನೆಯಲ್ಲಿ ಕುಟ್ಟಿದ ಖಾರದಪುಡಿ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಅದರಲ್ಲಿ ತುಂಡುಗಳನ್ನು ಸಣ್ಣ ಉರಿಯಲ್ಲಿ ಬಿಟ್ಟೆ. ನೀರು ಹೋದ ಜಾಗಕ್ಕೆಲ್ಲ ಮಸಾಲೆ ಇಳಿಯಿತು. ಹಾಲಿ ಅಣ್ಣ ಮತ್ತೆ ತಟ್ಟೆ ಚಾಚಿದ. ಎಲೆ ಕೀಳುವ ಜನನಿ, "ಅಕ್ಕಾ, ಮಕ್ಳಿಗೆ ಒಂಚೂರು ಡಬ್ಬೀಲಿ ಹಾಕ್ಕೊಡಿ" ಎಂದಳು.

ಎಲ್ಲರೂ ತಿಂದರು. ಅವನೊಬ್ಬ ಮಾತ್ರ ಬರಲಿಲ್ಲ.

ನಮ್ಮ ಅಡುಗೆಮನೆಯ ಕಿಟಕಿಗೆ ನೇರ ಎದುರು ಟೇಸ್ಟಿಂಗ್ ರೂಮಿನ ಕಿಟಕಿ. ಅಲ್ಲಿ ಸಾಲಾಗಿ ಚಹಾ ತುಂಬಿದ ಪಿಂಗಾಣಿ ಕಪ್ಪುಗಳು. ಅವನು ಚಮಚದಲ್ಲಿ ಚಹಾ ತೆಗೆದು, ಸೊರ್ ಎಂದು ಎಳೆದು, ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದ. ಆಮೇಲೆ ಉಗುಳಿ ಮುಂದಿನ ಕಪ್ಪಿಗೆ ಹೋಗುತ್ತಿದ್ದ. ಆ ಮುಖ ನೋಡುತ್ತ ನಾನು ಒಗ್ಗರಣೆ ಸೀಯಿಸಿದ್ದುಂಟು. ಕಪ್ಪುಗಳ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನನಗೇ ನಾಚಿಕೆ.

ಒಂದು ಮಧ್ಯಾಹ್ನ ತಡೆಯಲಾರದೆ ಬಟ್ಟಲು ಹಿಡಿದು ನಾನೇ ಹೋದೆ.

"ಎಲ್ರೂ ತಿಂತಾರೆ ಸಾರ್. ನಿಮಗೊಬ್ರಿಗೆ ಸೇರಲ್ವಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಬೆಳ್ಳುಳ್ಳಿ! ಬಾಗಿಲ ಹತ್ರಾನೇ ನಿಲ್ಲಿ."

"ಯಾಕೆ, ಕಚ್ಚುತ್ತಾ?"

"ಬೆಳ್ಳುಳ್ಳಿ, ಖಾರ ಎರಡೂ ಮಾರನೇ ದಿನದವರೆಗೂ ನಾಲಿಗೇಲೇ ಕೂತಿರುತ್ತೆ. ಆಮೇಲೆ ಯಾವ ಚಹಾನೂ ಗೊತ್ತಾಗಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಅವೆರಡನ್ನೂ ಮುಟ್ಟಿಲ್ಲ."

"ಮತ್ತೆ ಅವತ್ತು ಯಾಕೆ ಬಾಯಿಗಿಟ್ರಿ?"

ಅವನು ಒರೆಸಿದ ಚಮಚವನ್ನೇ ಮತ್ತೆ ಒರೆಸಿದ. "ನೀವು ಕೊಟ್ರಿ. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಇಷ್ಟು ದಿನ ಜೋಪಾನ ಮಾಡಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. "ಮಸಾಲೆ ಹಾಕ್ದೇ ಇರೋದು ಇದೆಯಾ?" ಎಂದು ಅವನೇ ಕೇಳಿದ.

ಬರೀ ಉಪ್ಪುನೀರಿನಲ್ಲಿ ಅದ್ದಿದ ಒಂದು ತುಂಡು ತಂದುಕೊಟ್ಟೆ. ಅವನು ಕಣ್ಣು ಮುಚ್ಚಿದ. ಕಿಟಕಿಯಿಂದ ಕದ್ದು ನೋಡುತ್ತಿದ್ದ ಮುಖ ಈಗ ಕೈಗೆಟಕುವಷ್ಟು ಹತ್ತಿರ. ಅವನು ನಿಧಾನವಾಗಿ ಅಗಿದು, ನುಂಗಿದ.

"ಇವತ್ತು ಕಲ್ಲು ಬೇಗ ಎತ್ತಿದ್ದೀರಿ. ಒಳಗೆ ನೀರಿದೆ."

"ಅದೂ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಏನೋ ಗಡಿಬಿಡೀಲಿದ್ರಿ."

ಯಾಕೆ ಗಡಿಬಿಡಿ ಎಂದು ಅವನ ನಾಲಿಗೆಗೆ ಗೊತ್ತಾಗಲಿಲ್ಲ, ನನ್ನ ಪುಣ್ಯ.

ಅಂದಿನಿಂದ ದಿನವೂ ಅವನಿಗೊಂದು ಸಪ್ಪೆ ತುಂಡು, ಬಾಯಿ ಮುಕ್ಕಳಿಸಲು ಒಂದು ಮಗ್ಗು ಬೆಚ್ಚನೆಯ ನೀರು. "ನಿಂಬೆ ಜಾಸ್ತಿ." "ಕಾಳು ಹೊಸದು." "ರೂಪಶ್ರೀ, ಇವತ್ತಿಂದು ಚೆನ್ನಾಗಿದೆ." ಎಲ್ಲರೂ ನನ್ನ ಮಸಾಲೆಯನ್ನು ಹೊಗಳುತ್ತಿದ್ದರು. ಅದರ ಕೆಳಗೆ ಏನಿದೆ ಎಂದು ತಿಳಿದವನು ಇವನೊಬ್ಬನೇ. ಆದರೆ ಅವನ ಬಾಯಲ್ಲಿ ಬರುತ್ತಿದ್ದುದೆಲ್ಲ ಟೋಫುವಿನ ಮಾತೇ. ನನ್ನ ಬಗ್ಗೆ ಒಂದೇ ಒಂದು ಮಾತು ಬಂದೀತೇ ಎಂದು ನಾನು ಖಾಲಿ ಮಗ್ಗು ಹಿಡಿದು ಬೇಕೆಂದೇ ನಿಂತಿರುತ್ತಿದ್ದೆ. ಸಂಜೆ ಮಂಜು ಇಳಿದು ಎದುರಿನ ಕಿಟಕಿ ಕಾಣದಾದರೆ ನನಗೆ ಅಳು ಬರುತ್ತಿತ್ತು.

ಹೀಗಿರುವಾಗ ಮಸಿನಗುಡಿಯಿಂದ ಅಪ್ಪ ಫೋನ್ ಮಾಡಿದರು. ಶುಕ್ರವಾರ ಗಂಡಿನ ಕಡೆಯವರು ನೋಡಲು ಬರುತ್ತಾರಂತೆ, ರಜೆ ಹಾಕಿ ಬರಬೇಕಂತೆ. ಒಪ್ಪಿಗೆಯಾದರೆ ಕ್ಯಾಂಟೀನೂ ಸಾಕಂತೆ. ಬುಧವಾರ ಅದನ್ನು ಅವನ ಮುಂದೆ ಹೇಳಿದೆ. ಹೇಳಿ, ಉಸಿರು ಬಿಗಿಹಿಡಿದು ನಿಂತೆ.

ಅವನು ಮುಕ್ಕಳಿಸಿದ, ಮಗ್ಗು ಕೆಳಗಿಟ್ಟ. "ಮಸಿನಗುಡಿಗೆ ಬೆಳಿಗ್ಗೆ ಬಸ್ಸಿದೆಯಾ?"

"ಊಟಿಗೆ ಹೋಗಿ ಬದಲಾಯಿಸ್ಬೇಕು" ಎಂದು ಹಲ್ಲು ಕಚ್ಚಿ ಹೇಳಿ ಬಂದೆ. ಬಸ್ಸಿನ ವಿಚಾರ ಕೇಳುತ್ತಾನೆ, ಮಹಾನುಭಾವ!

ಗುರುವಾರ ಬೆಳ್ಳುಳ್ಳಿಯನ್ನು ದುಪ್ಪಟ್ಟು ಜಜ್ಜಿದೆ, ಖಾರವನ್ನು ಕೈಗೆ ಬಂದಷ್ಟು ಸುರಿದೆ. ಅವನಿಗೆ ಸಪ್ಪೆ ತುಂಡು ತೆಗೆದಿಡಲಿಲ್ಲ. ಊಟದ ಹೊತ್ತಿಗೆ ತಲೆಯೆತ್ತಿದರೆ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಪ್ರವೀಣ್.

"ಟೀಮೇಕರ್ ಸಾರ್, ದಾರಿ ತಪ್ಪಿದ್ರಾ?" ಎಂದ ಹಾಲಿ ಅಣ್ಣ.

ಪ್ರವೀಣ್ ನಕ್ಕು ನನ್ನ ಮುಂದೆ ತಟ್ಟೆ ಚಾಚಿದ. "ಮಸಾಲೇದೇ ಹಾಕಿ."

"ನಾಳೆ ಟೇಸ್ಟಿಂಗ್?"

"ನಮ್ಮ ಅಸಿಸ್ಟೆಂಟ್ ಸರವಣನ್ ನೋಡ್ಕೋತಾರೆ. ನಾಳೆ ನಾನು ಮಸಿನಗುಡಿಗೆ ಹೋಗ್ಬೇಕು ಅಂತಿದ್ದೀನಿ. ನಮ್ಮ ಹೆತ್ತೇನ ಕರ್ಕೊಂಡು." ಹೆತ್ತೆ ಅಂದರೆ ಅವನ ಅಜ್ಜಿ. ಅವನು ದನಿ ತಗ್ಗಿಸಿದ. "ಹೆಣ್ಣು ಕೇಳೋಕೆ. ನೀವು ಬೇಡ ಅಂದ್ರೆ ಬಸ್ಸು ಹತ್ತಲ್ಲ."

ನಾನು ಸೌಟನ್ನು ಪಾತ್ರೆಯಲ್ಲೇ ನಿಲ್ಲಿಸಿದೆ. "ಅದಕ್ಕೂ ಈ ಬೆಳ್ಳುಳ್ಳಿಗೂ ಏನ್ ಸಂಬಂಧ?"

"ನಿಮ್ಮ ಮನೇಲೂ ಹಾಕ್ತಾರಲ್ಲ. ನಾಳೆ ನಿಮ್ಮಪ್ಪ ಬಡಿಸಿದ್ರೆ ಅಲ್ಲೂ ಉಗುಳೋಕಾಗುತ್ತಾ?"

ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ. ಸೌಟು ತುಂಬ ಬಡಿಸಿದೆ. ಅವನು ಅಲ್ಲೇ ನಿಂತು ತಿಂದ. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಆದರೂ ತಟ್ಟೆಯಲ್ಲಿ ಒಂದು ತುಂಡನ್ನೂ ಉಳಿಸಲಿಲ್ಲ. ನನಗೆ ಪಾಪ ಅನ್ನಿಸಿ, ದಿನದಂತೆ ಬೆಚ್ಚನೆಯ ನೀರಿನ ಮಗ್ಗು ಮುಂದೆ ಹಿಡಿದೆ.

ಅವನು ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದ.

"ಬೇಡ ರೂಪಾ. ನಾಳೆವರೆಗೂ ಇರಲಿ."